ನೆಲ ನಡೆದು ನೋಡಿದ ಆಟಗಾರ

1995ರ ಏಪ್ರಿಲ್ 9, ಭಾನುವಾರ. ಅಮೆರಿಕದ ಜಾರ್ಜಿಯಾ ರಾಜ್ಯದ ಆಗಸ್ಟಾದಲ್ಲಿ ಮಾಸ್ಟರ್ಸ್ ಗಾಲ್ಫ್ ಟೂರ್ನಿಯ ಕೊನೆಯ ಚೆಂಡು ಗುಳಿಗೆ ಬಿತ್ತು. ಗೆದ್ದವರು ಕೈ ಎತ್ತಿ ಕುಣಿಯಲಿಲ್ಲ. ನಿಂತಲ್ಲೇ ಸೊಂಟ ಬಗ್ಗಿಸಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿದರು. ಅವರ ಕೋಲುಗಳ ಚೀಲ ಹೊರುವ ಕ್ಯಾಡಿ ಕಾರ್ಲ್ ಜಾಕ್ಸನ್ ಹಿಂದಿನಿಂದ ಬಂದು ಅವರ ಹೆಗಲ ಮೇಲೆ ಕೈಯಿಟ್ಟು ನಿಂತರು.

ಗೆದ್ದವರ ಹೆಸರು ಬೆನ್ ಕ್ರೆನ್‌ಷಾ. ವಯಸ್ಸು 43. ನಾಲ್ಕು ದಿನ ಮುಂಚೆ, ಟೂರ್ನಿಯ ಅಭ್ಯಾಸ ಬಿಟ್ಟು, ಟೆಕ್ಸಾಸ್‌ನ ಆಸ್ಟಿನ್ ನಗರಕ್ಕೆ ಹೋಗಿ ತಮ್ಮ ಗುರು ಹಾರ್ವಿ ಪೆನಿಕ್ ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟು ಬಂದಿದ್ದರು. ತೊಂಬತ್ತು ವರ್ಷದ ಪೆನಿಕ್ ಹಾಸಿಗೆ ಹಿಡಿದಿದ್ದಾಗಲೂ ಶಿಷ್ಯನ ಕೈಗೆ ಪಟರ್ (ಚೆಂಡನ್ನು ಗುಳಿಗೆ ಉರುಳಿಸುವ ಕೋಲು) ಕೊಡಿಸಿ, ಮಲಗಿದಲ್ಲಿಂದಲೇ ಕೊನೆಯ ಪಾಠ ಹೇಳಿದ್ದರು. ಆ ಪಾಠ ಕಲಿತ ಕೈಗಳೇ ಆ ಭಾನುವಾರ ಒಂದೇ ಒಂದು ಹೊಡೆತದ ಅಂತರದಲ್ಲಿ ಮಾಸ್ಟರ್ಸ್ ಗೆದ್ದವು.

ಆ ಚಿತ್ರವನ್ನು ಗಾಲ್ಫ್ ಬಲ್ಲವರೆಲ್ಲ ನೋಡಿದ್ದಾರೆ. ಅದೇ ವರ್ಷ ಕ್ರೆನ್‌ಷಾ ಅವರ ಬದುಕಿನಲ್ಲಿ ಇನ್ನೊಂದು ಸಂಗತಿ ನಡೆಯಿತು. ಅಲ್ಲಿ ಕ್ಯಾಮೆರಾಗಳ ಸಾಲು ಇರಲಿಲ್ಲ. ನೆಬ್ರಾಸ್ಕಾ ರಾಜ್ಯದ ಮರಳಗುಡ್ಡಗಳ ನಡುವೆ, ದನ ಮೇಯುವ ಹುಲ್ಲುಗಾವಲಿನಲ್ಲಿ, ಅವರೂ ಅವರ ಜೊತೆಗಾರ ಬಿಲ್ ಕೂರ್ ಅವರೂ ಸೇರಿ ರೂಪಿಸಿದ ‘ಸ್ಯಾಂಡ್ ಹಿಲ್ಸ್’ ಎಂಬ ಗಾಲ್ಫ್ ಕೋರ್ಸ್ ಆಟಕ್ಕೆ ತೆರೆದುಕೊಂಡಿತು. ಮಾಸ್ಟರ್ಸ್ ಅನ್ನು ಪ್ರತಿವರ್ಷ ಯಾರಾದರೊಬ್ಬರು ಗೆಲ್ಲುತ್ತಾರೆ. ಸ್ಯಾಂಡ್ ಹಿಲ್ಸ್ ಮಾತ್ರ ಗಾಲ್ಫ್ ಅಂಗಳ ಕಟ್ಟುವವರು ಯೋಚಿಸುವ ರೀತಿಯನ್ನೇ ಬದಲಿಸಿತು. ಎರಡರಲ್ಲಿ ದೊಡ್ಡದು ಯಾವುದು ಎಂದು ಕೇಳಿದರೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಗಾಲ್ಫ್ ಆಡದವರಿಗೂ ಇದು ಅರ್ಥವಾಗಬೇಕಾದರೆ ಒಂದು ಮಾತು ಮೊದಲೇ ಹೇಳಬೇಕು. ಕ್ರಿಕೆಟ್ ಪಿಚ್ ಎಲ್ಲಿ ಹೋದರೂ 22 ಗಜ. ಟೆನಿಸ್ ಅಂಗಳದ ಗೆರೆಗಳು ಮೈಸೂರಿನಲ್ಲೂ ಮೆಲ್ಬರ್ನ್‌ನಲ್ಲೂ ಒಂದೇ ಅಳತೆ. ಗಾಲ್ಫ್‌ನಲ್ಲಿ ಹಾಗೆ ನಿಗದಿಯಾದ ಮುಖ್ಯ ಅಳತೆ ಒಂದೇ: ಚೆಂಡು ಬೀಳುವ ಗುಳಿಯ ಅಡ್ಡಳತೆ, ನಾಲ್ಕೂಕಾಲು ಇಂಚು. ಮಿಕ್ಕದ್ದೆಲ್ಲ ನೆಲಕ್ಕೆ ಬಿಟ್ಟದ್ದು. ಗುಡ್ಡವೋ ಬಯಲೋ, ಕಡಲ ದಂಡೆಯೋ ಕಾಡಂಚೋ, ಎಡಕ್ಕೆ ತಿರುಗಬೇಕೋ ಬಲಕ್ಕೋ, ನಿಯಮದ ಪುಸ್ತಕ ಹೇಳುವುದಿಲ್ಲ. ಹಾಗಾಗಿ ಗಾಲ್ಫರ್ ಆಡುವುದು ಎದುರಾಳಿಯ ವಿರುದ್ಧ ಮಾತ್ರವಲ್ಲ; ಆ ನೆಲವನ್ನು ಹಾಗೆ ಜೋಡಿಸಿದವರ ಬುದ್ಧಿಯ ವಿರುದ್ಧವೂ ಹೌದು.

ಆಟಗಾರರೇ ಅಂಗಳ ರೂಪಿಸುವುದು ಹೊಸದಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಓಲ್ಡ್ ಟಾಮ್ ಮಾರಿಸ್ 1861ರಿಂದ 1867ರ ನಡುವೆ ನಾಲ್ಕು ಬಾರಿ ಬ್ರಿಟಿಷ್ ಓಪನ್ ಚಾಂಪಿಯನ್ ಆದವರು. ಅವರೇ ಹುಲ್ಲು ಕಾಯುವವರು, ಅವರೇ ಊರೂರು ತಿರುಗಿ ಹೊಸ ಅಂಗಳ ಗುರುತಿಸಿಕೊಡುವವರು. ಅದಕ್ಕೆ ಅವರು ತೆಗೆದುಕೊಳ್ಳುತ್ತಿದ್ದ ಕೂಲಿ ದಿನಕ್ಕೆ ಒಂದು ಪೌಂಡ್ ಮತ್ತು ದಾರಿಖರ್ಚು. ಮಣ್ಣು ಅಗೆಯುವ ಯಂತ್ರ ಇಲ್ಲದ ಕಾಲ. ನೆಲ ಎಲ್ಲಿ ತಾನೇ ತಗ್ಗಾಗಿದೆ, ಎಲ್ಲಿ ತಾನೇ ಸಮತಟ್ಟಾಗಿದೆ ಎಂದು ನೋಡಿ ಗೂಟ ನೆಡುತ್ತಿದ್ದರು. ಕಡಲ ಗಾಳಿಗೆ ಹೆದರಿ ಕುರಿಗಳು ಒತ್ತರಿಸಿ ಕೂತು ಕೂತು ಮಾಡಿದ ಮರಳಿನ ತಗ್ಗುಗಳೇ ಆಮೇಲೆ ಬಂಕರ್‌ಗಳಾದವು ಎಂದು ಆ ಕಡೆಯವರು ಇಂದಿಗೂ ಹೇಳುತ್ತಾರೆ.

ಇಪ್ಪತ್ತನೇ ಶತಮಾನದ ಕೊನೆಯ ಹೊತ್ತಿಗೆ ಈ ಕಸುಬು ಪೂರ್ತಿ ಬೇರೆಯಾಗಿತ್ತು. ಬುಲ್ಡೋಜರ್ ಬಂದ ಮೇಲೆ ನೆಲದ ಮಾತು ಕೇಳಬೇಕಾದ ಅಗತ್ಯವೇ ಉಳಿಯಲಿಲ್ಲ. ಲಕ್ಷಗಟ್ಟಲೆ ಘನ ಗಜ ಮಣ್ಣನ್ನು ಈ ಕಡೆಯಿಂದ ಆ ಕಡೆಗೆ ಸಾಗಿಸಿ, ಬಯಲಿನಲ್ಲಿ ಗುಡ್ಡ, ಮರುಭೂಮಿಯಲ್ಲಿ ಜಲಪಾತ ನಿಲ್ಲಿಸತೊಡಗಿದರು. ಸುತ್ತ ಮನೆ ಮಾರುವವರಿಗೆ ಚಾಂಪಿಯನ್ನನ ಹೆಸರು ಬೇಕಾಯಿತು. ಅಂಥ ಚಾಂಪಿಯನ್ನರಲ್ಲಿ ಒಬ್ಬರಾದ ಜಾಕ್ ನಿಕ್ಲಾಸ್ ಅವರ ಸಂಸ್ಥೆಯೊಂದೇ ಲೋಕದಾದ್ಯಂತ 400ಕ್ಕೂ ಹೆಚ್ಚು ಕೋರ್ಸ್‌ಗಳನ್ನು ರೂಪಿಸಿದೆ. ನಿಕ್ಲಾಸ್ ಶ್ರದ್ಧೆಯಿಂದ ಕೆಲಸ ಮಾಡಿದವರು, ಅವರ ಒಳ್ಳೆಯ ಅಂಗಳಗಳು ನಿಜಕ್ಕೂ ಒಳ್ಳೆಯವು. ಆದರೂ ಅವರ ಮೊದಲ ಕಾಲದ ಕೋರ್ಸ್‌ಗಳ ಬಗ್ಗೆ ಒಂದು ಟೀಕೆ ಇತ್ತು: ಎತ್ತರಕ್ಕೆ ಹಾರಿ ಎಡದಿಂದ ಬಲಕ್ಕೆ ತುಸು ಬಾಗಿ ಮೆತ್ತಗೆ ಇಳಿಯುವ ಹೊಡೆತ, ಅಂದರೆ ಅವರದೇ ಹೊಡೆತ, ಬಲ್ಲವರಿಗಷ್ಟೇ ಅವು ಒಲಿಯುತ್ತವೆ ಎಂದು. ದೊಡ್ಡ ಆಟಗಾರ ವಿನ್ಯಾಸಕ್ಕೆ ಇಳಿದಾಗ ಕಾದಿರುವ ಅಪಾಯ ಇದು. ತನ್ನ ತೋಳಿನ ಶಕ್ತಿಯೇ ಎಲ್ಲರ ಶಕ್ತಿ ಎಂದು ಅವನು ತಿಳಿದುಬಿಟ್ಟರೆ, ವಾರಕ್ಕೊಮ್ಮೆ ಆಡುವ ಅರವತ್ತು ದಾಟಿದವರಿಗೂ, ಈಗಷ್ಟೇ ಕೋಲು ಹಿಡಿದ ಹುಡುಗಿಗೂ ಅಲ್ಲಿ ಜಾಗ ಇರುವುದಿಲ್ಲ.

ಕ್ರೆನ್‌ಷಾ ಈ ಅಪಾಯದಿಂದ ತಪ್ಪಿಸಿಕೊಂಡದ್ದು ಹೇಗೆ? ಒಂದು ಕಾರಣ ಅವರ ಓದು. ಹದಿನಾರನೆಯ ವಯಸ್ಸಿನಲ್ಲಿ, 1968ರಲ್ಲಿ, ಬಾಸ್ಟನ್ ಪಕ್ಕದ ಬ್ರೂಕ್ಲೈನ್‌ನಲ್ಲಿ ಅಮೆರಿಕದ ಕಿರಿಯರ ಚಾಂಪಿಯನ್‌ಷಿಪ್ ಆಡಲು ಹೋಗಿದ್ದರು. ಫ್ರಾನ್ಸಿಸ್ ವಿಮೆಟ್ ಎಂಬ ಇಪ್ಪತ್ತು ವರ್ಷದ ಹವ್ಯಾಸಿ ಹುಡುಗ 1913ರಲ್ಲಿ ಬ್ರಿಟನ್ನಿನ ಘಟಾನುಘಟಿಗಳನ್ನು ಸೋಲಿಸಿ ಯು.ಎಸ್. ಓಪನ್ ಗೆದ್ದದ್ದು ಅದೇ ನೆಲದಲ್ಲಿ. ಅಲ್ಲಿಂದ ಮರಳಿದ ಹುಡುಗ ಹಳೆಯ ಗಾಲ್ಫ್ ಪುಸ್ತಕಗಳನ್ನು ಹುಡುಕಿ ಓದತೊಡಗಿದ. ಆಮೇಲೆ ಬ್ರಿಟನ್ನಿಗೆ ಓಪನ್ ಆಡಲು ಹೋದಾಗಲೆಲ್ಲ ಹಳೆಯ ಅಂಗಳಗಳ ಉಬ್ಬುತಗ್ಗುಗಳನ್ನು ಮನಸ್ಸಿನಲ್ಲಿ ತುಂಬಿಕೊಂಡು ಬಂದ.

ಇನ್ನೊಂದು ಕಾರಣ ಅವರ ಆಟದಲ್ಲೇ ಇತ್ತೆಂದು ನನಗೆ ಅನ್ನಿಸುತ್ತದೆ. ಗುಳಿಯ ಸುತ್ತಲಿನ ನುಣುಪಾದ ಜಾಗದಲ್ಲಿ, ಅಂದರೆ ಗ್ರೀನ್ ಮೇಲೆ, ಚೆಂಡನ್ನು ಗುಳಿಗೆ ಉರುಳಿಸುವುದರಲ್ಲಿ ಅವರ ಸಮಾನರು ಬಹಳ ಕಡಿಮೆ. ಆದರೆ ಮೊದಲ ಹೊಡೆತ ಕೆಲವೊಮ್ಮೆ ದಾರಿ ತಪ್ಪುತ್ತಿತ್ತು. ಚೆಂಡನ್ನು ಹುಲ್ಲಿನೊಳಗೆ ಕಳೆದುಕೊಂಡು, ಅಲ್ಲಿಂದ ಹೇಗೋ ಹೊರಬಂದು, ಕೊನೆಗೆ ಪಟರ್ ಬಲದಿಂದ ಬದುಕಿಕೊಂಡವರಿಗೆ ಎರಡು ವಿಷಯ ಚೆನ್ನಾಗಿ ಗೊತ್ತಿರುತ್ತದೆ: ತಪ್ಪಿದವನಿಗೂ ಒಂದು ದಾರಿ ಇರಬೇಕು, ಮತ್ತು ಆಟದ ನಿಜವಾದ ಸ್ವಾರಸ್ಯ ಇರುವುದು ಚೆಂಡು ನೆಲದ ಮೇಲೆ ಉರುಳುವಾಗ. ಅವರು ಕೈಯಿಟ್ಟ ಅಂಗಳಗಳಲ್ಲಿ ಫೇರ್‌ವೇ (ಗ್ರೀನ್‌ವರೆಗಿನ ಕತ್ತರಿಸಿದ ಹುಲ್ಲಿನ ಹಾದಿ) ಅಗಲ, ಗ್ರೀನ್ ಸೂಕ್ಷ್ಮ. ನೆಲ ಓದುವುದು ಪಟರ್ ಹಿಡಿದವನ ಅಭ್ಯಾಸ. ಇಪ್ಪತ್ತು ಅಡಿ ದೂರದಿಂದ ಇಳಿಜಾರು ಎತ್ತ ಎಳೆಯುತ್ತದೆ ಎಂದು ಕೂತು ನೋಡುವ ಕಣ್ಣು, ಇಪ್ಪತ್ತು ಎಕರೆಯನ್ನೂ ಹಾಗೆಯೇ ನೋಡೀತು.

ಜೊತೆಗಾರ ಬಿಲ್ ಕೂರ್ ನಾರ್ತ್ ಕ್ಯಾರೊಲೈನಾದವರು. ಕಾಲೇಜಿನಲ್ಲಿ ಓದಿದ್ದು ಪ್ರಾಚೀನ ಗ್ರೀಕ್ ಮತ್ತು ಲ್ಯಾಟಿನ್ ಸಾಹಿತ್ಯ. ಕಸುಬು ಕಲಿತದ್ದು ಪೀಟ್ ಡೈ ಎಂಬ ಹೆಸರಾಂತ ವಿನ್ಯಾಸಕರ ಕೈಕೆಳಗೆ, ಮಣ್ಣಿನಲ್ಲಿ ನಿಂತು. 1980ರ ದಶಕದ ನಡುವೆ ಇಬ್ಬರೂ ಜೊತೆಯಾದರು. ಅಂದಿನಿಂದ ಇಂದಿನವರೆಗೆ ಅವರು ಮಾಡಿದ ಕೋರ್ಸ್‌ಗಳ ಲೆಕ್ಕ ನೂರನ್ನು ಮುಟ್ಟಿಲ್ಲ. ಒಪ್ಪಿಕೊಳ್ಳುವ ಕೆಲಸ ಕಡಿಮೆ, ಒಪ್ಪಿಕೊಂಡಲ್ಲಿ ಹೂಡುವ ದಿನಗಳು ಹೆಚ್ಚು. ಕೂರ್ ಅವರಂತೂ ಹೊಸ ಜಾಗಕ್ಕೆ ಹೋದರೆ ದನ, ಜಿಂಕೆ ನಡೆದು ಮಾಡಿದ ಕಾಲುದಾರಿಯನ್ನೇ ಹಿಡಿದು ದಿನಗಟ್ಟಲೆ ಅಲೆಯುವವರು. ಪ್ರಾಣಿಗಳು ಏರನ್ನು ಸುಸ್ತಾಗದ ಹಾಗೆ ಹತ್ತುತ್ತವೆ; ನಡೆಯುವ ಆಟಗಾರನಿಗೂ ಅದೇ ದಾರಿ ಹಿತ.

ಸ್ಯಾಂಡ್ ಹಿಲ್ಸ್ ಇರುವ ನೆಬ್ರಾಸ್ಕಾ ವಿಸ್ತಾರದಲ್ಲಿ ಹೆಚ್ಚುಕಡಿಮೆ ನಮ್ಮ ಕರ್ನಾಟಕದಷ್ಟೇ ಇದೆ. ಜನ ಮಾತ್ರ 20 ಲಕ್ಷದ ಆಸುಪಾಸು. ಆ ರಾಜ್ಯದ ಕಾಲುಭಾಗ ನೆಲ ಹುಲ್ಲು ಹೊದ್ದ ಮರಳುದಿಬ್ಬ. ಮೇಲೆ ತೆಳುವಾದ ಹುಲ್ಲಿನ ಪದರ, ಕೆಳಗೆ ಬರೀ ಮರಳು. ಎಲ್ಲಾದರೂ ಹುಲ್ಲು ಹರಿದರೆ ಗಾಳಿ ಅಲ್ಲಿ ಹೊಕ್ಕು ಮರಳನ್ನು ಎತ್ತಿ ಒಯ್ದು ದೊಡ್ಡ ಬಾಣಲೆಯ ಹಾಗೆ ಗುಂಡಿ ಕೊರೆಯುತ್ತದೆ. ದನ ಸಾಕುವವರಿಗೆ ಅದು ಕಾಟ. ಡಿಕ್ ಯಂಗ್ಸ್‌ಕ್ಯಾಪ್ ಎಂಬುವರು ಮಲ್ಲೆನ್ ಎಂಬ ಪುಟ್ಟ ಊರಿನ ಹತ್ತಿರ ಇಂಥ ಸುಮಾರು 8,000 ಎಕರೆ ಕೊಂಡು ಕ್ರೆನ್‌ಷಾ ಮತ್ತು ಕೂರ್ ಅವರನ್ನು ಕರೆಸಿದರು.

ಇಬ್ಬರಿಗೂ ಎದುರಾದದ್ದು ವಿಚಿತ್ರವಾದ ಕಷ್ಟ. ಬೇರೆ ಕಡೆ ಗಾಲ್ಫ್‌ಗೆ ಒಗ್ಗುವ ನೆಲ ಸಾಕಾಗುವುದಿಲ್ಲ, ಇಲ್ಲಿ ಎಲ್ಲಿ ತಿರುಗಿದರೂ ಅದೇ. ಎರಡು ದಿಬ್ಬಗಳ ನಡುವಿನ ಕಣಿವೆ ಫೇರ್‌ವೇ ಹಾಗೆಯೇ ಬಾಗುತ್ತಿತ್ತು. ಕೊನೆಯಲ್ಲಿ ಒಂದು ಹೆಗಲು ಗ್ರೀನ್‌ಗೆಂದೇ ಕಾದು ಕೂತಂತೆ ಇರುತ್ತಿತ್ತು. ಪಕ್ಕದಲ್ಲಿ ಗಾಳಿ ಕೊರೆದ ಗುಂಡಿ ಬಂಕರ್ ಆಗಿ ಆಗಲೇ ನಿಂತಿರುತ್ತಿತ್ತು. ಅವರು ಅವಸರ ಮಾಡಲಿಲ್ಲ. ಋತು ಬದಲಾದಂತೆಲ್ಲ ಬಂದರು, ಗಾಳಿ ತಿರುಗಿದಾಗ ಬಂದರು, ನಡೆದರು, ಕಂಡದ್ದನ್ನೆಲ್ಲ ಒಂದು ನಕ್ಷೆಯಲ್ಲಿ ಗುರುತು ಹಾಕುತ್ತ ಹೋದರು. ಆ ನಕ್ಷೆಯಲ್ಲಿ ಸಣ್ಣ ಸಣ್ಣ ಗೆರೆಗಳು ನಕ್ಷತ್ರಪುಂಜದ ಹಾಗೆ ಚೆಲ್ಲಿಕೊಂಡಿವೆ. ಎಣಿಸಿದರೆ ನೂರಮೂವತ್ತಕ್ಕೂ ಹೆಚ್ಚು ಹೋಲ್‌ಗಳು, ಅಂದರೆ ಮೊದಲ ಹೊಡೆತದಿಂದ ಗುಳಿಯವರೆಗಿನ ಆಟದ ದಾರಿಗಳು. ಬೇಕಾದದ್ದು ಹದಿನೆಂಟು.

ಉಳಿದವನ್ನು ಬಿಡುವುದೇ ಅವರ ದೊಡ್ಡ ಕೆಲಸವಾಯಿತು. ಒಂದೊಂದೂ ಚೆಂದ; ಆದರೆ ಒಂದು ಮುಗಿದಲ್ಲಿಂದ ಇನ್ನೊಂದಕ್ಕೆ ಸಹಜವಾಗಿ ನಡೆದುಹೋಗುವಂತಿರಬೇಕು, ಎಲ್ಲವೂ ಒಂದೇ ದಿಕ್ಕಿನ ಗಾಳಿಗೆ ಸಿಕ್ಕಬಾರದು, ಬಿಸಿಲು ಕಣ್ಣಿಗೆ ಹೊಡೆಯಬಾರದು. ಕಡೆಗೆ ಹದಿನೆಂಟು ನಿಂತಾಗ ಕದಲಿಸಿದ ಮಣ್ಣು ಕೆಲವೇ ಸಾವಿರ ಘನ ಗಜ. ಸಾಮಾನ್ಯವಾಗಿ ಒಂದು ಗ್ರೀನ್ ಕಟ್ಟುವುದೆಂದರೆ ಕೆಳಗೆ ಕೊಳವೆ, ಅದರ ಮೇಲೆ ನಾಲ್ಕು ಇಂಚು ಜಲ್ಲಿ, ಅದರ ಮೇಲೆ ಅಳೆದು ಬೆರೆಸಿದ ಒಂದು ಅಡಿ ಮರಳು, ಆಮೇಲೆ ಹುಲ್ಲು. ಇಲ್ಲಿ ಅದಾವುದೂ ಬೇಕಾಗಲಿಲ್ಲ. ಇದ್ದ ಮರಳನ್ನೇ ಹದಮಾಡಿ ಬೀಜ ಚೆಲ್ಲಿದರು. ನೀರು ತಾನಾಗಿ ಇಂಗಿತು.

ಏಳನೆಯ ಹೋಲನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಉದ್ದ 300 ಗಜವೂ ಇಲ್ಲ. ಬಲವಿದ್ದವನು ಒಂದೇ ಹೊಡೆತಕ್ಕೆ ಗ್ರೀನ್ ಮುಟ್ಟಿಸಬಹುದು ಎಂಬ ಆಸೆ ಹುಟ್ಟಿಸುವ ದೂರ. ಆದರೆ ಗ್ರೀನ್ ಚಿಕ್ಕದು, ಅದರ ಮಗ್ಗುಲಲ್ಲೇ ಮನುಷ್ಯನನ್ನು ಮುಚ್ಚಿಬಿಡುವಷ್ಟು ಆಳದ ಮರಳುಗುಂಡಿ. ಹೆದರಿದವನು ಚಿಕ್ಕ ಕೋಲು ತೆಗೆದು ಫೇರ್‌ವೇಯ ಅಗಲದಲ್ಲಿ ನೆಮ್ಮದಿಯಾಗಿ ಚೆಂಡು ಇಳಿಸಬಹುದು. ಆದರೆ ಎಲ್ಲಿ ಇಳಿಸಿದ ಎಂಬುದರ ಮೇಲೆ ಎರಡನೆಯ ಹೊಡೆತ ಸುಲಭವೋ ಕಷ್ಟವೋ ನಿರ್ಧಾರವಾಗುತ್ತದೆ. ನೀರಿಲ್ಲ, ಮರವಿಲ್ಲ, ಗೋಡೆಯಿಲ್ಲ. ಆಟಗಾರನ ಮುಂದೆ ಒಂದು ಪ್ರಶ್ನೆ ಇಟ್ಟು ವಿನ್ಯಾಸಕರು ಪಕ್ಕಕ್ಕೆ ಸರಿದಿದ್ದಾರೆ. ಎಪ್ಪತ್ತರ ಅಜ್ಜ ಅಲ್ಲಿ ನಾಲ್ಕು ಹೊಡೆತಕ್ಕೆ ಮುಗಿಸಬಹುದು, ಟೂರ್ನಿ ಗೆದ್ದವನು ಆರು ಮಾಡಿಕೊಳ್ಳಬಹುದು. ಗಾಲ್ಫ್ ಎಲ್ಲರ ಆಟ ಎಂಬ ಮಾತಿಗೆ ಅರ್ಥ ಬರುವುದು ಇಂಥ ಕಡೆ.

ಅಲ್ಲಿನ ಕ್ಲಬ್ ಕಟ್ಟಡವನ್ನು ಆಟದ ಜಾಗದಿಂದ ಸುಮಾರು ಒಂದು ಮೈಲಿ ಆಚೆಗೇ ಇಟ್ಟಿದ್ದಾರೆ. ಅಂಗಳದ ಹತ್ತಿರ ಇರುವುದು ಒಂದು ಮರದ ಜಗಲಿ. ಅದರ ಹೆಸರು ‘ಬೆನ್ಸ್ ಪೋರ್ಚ್’, ಬೆನ್ ಅವರ ಜಗಲಿ.

ಆಮೇಲೆ ನಡೆದದ್ದನ್ನು ಬೇಗ ಹೇಳಿಬಿಡಬಹುದು. ಸ್ಯಾಂಡ್ ಹಿಲ್ಸ್ ಅಮೆರಿಕದ ಶ್ರೇಷ್ಠ ಕೋರ್ಸ್‌ಗಳ ಪಟ್ಟಿಯಲ್ಲಿ ಮುಂಚೂಣಿಗೆ ಬಂತು. ಊರಿಂದ ಎಷ್ಟೇ ದೂರವಿದ್ದರೂ ನೆಲ ಚೆನ್ನಾಗಿದ್ದರೆ ಜನ ಹುಡುಕಿಕೊಂಡು ಬರುತ್ತಾರೆ ಎಂಬ ಧೈರ್ಯ ಹುಟ್ಟಿತು. ಆರೆಗಾನ್ ರಾಜ್ಯದ ಕಡಲ ದಂಡೆಯ ಬ್ಯಾಂಡನ್ ಡ್ಯೂನ್ಸ್ ಮೊದಲಾದವು ಅದೇ ಧೈರ್ಯದಲ್ಲಿ ಬೆಳೆದವು.

ಆದರೆ ನನಗೆ ಕ್ರೆನ್‌ಷಾ ಮತ್ತು ಕೂರ್ ಜೋಡಿಯ ಮೇಲೆ ಹೆಚ್ಚು ಗೌರವ ಹುಟ್ಟಿಸಿದ್ದು ಅವರು ಹೊಸದಾಗಿ ಕಟ್ಟಿದ್ದಲ್ಲ. ಹಳೆಯದೊಂದನ್ನು ಮರಳಿ ತಂದದ್ದು. ನಾರ್ತ್ ಕ್ಯಾರೊಲೈನಾದ ಪೈನ್‌ಹರ್ಸ್ಟ್ ಎರಡನೇ ಕೋರ್ಸ್ 1907ರದು. ಅದನ್ನು ಮಾಡಿದ ಡೊನಾಲ್ಡ್ ರಾಸ್ ಸ್ಕಾಟ್ಲೆಂಡಿನಿಂದ ಬಂದ ವೃತ್ತಿಪರ ಗಾಲ್ಫರ್, ಓಲ್ಡ್ ಟಾಮ್ ಮಾರಿಸ್ ಅವರ ಬಳಿ ಕೆಲಸ ಕಲಿತವರು. 1948ರಲ್ಲಿ ತೀರಿಕೊಳ್ಳುವವರೆಗೂ ಅದನ್ನು ತಿದ್ದುತ್ತಲೇ ಇದ್ದರು. 1930ರ ದಶಕದ ನಡುಭಾಗದವರೆಗೆ ಅಲ್ಲಿ ಹುಲ್ಲಿನ ಗ್ರೀನ್ ಕೂಡ ಇರಲಿಲ್ಲ; ಮರಳಿನ ಮೇಲೆಯೇ ಪಟ್ ಮಾಡುತ್ತಿದ್ದರು. ನೀರು ಸಾಲದ ನಮ್ಮ ಊರುಗಳ ಹಳೆಯ ಗಾಲ್ಫ್ ಮೈದಾನಗಳಲ್ಲಿ ಎಣ್ಣೆ ಬೆರೆಸಿದ ಮರಳಿನ ‘ಬ್ರೌನ್’ ಇರುತ್ತಿದ್ದದ್ದನ್ನು ಕಂಡವರಿಗೆ ಇದು ಅಪರಿಚಿತವಲ್ಲ.

ರಾಸ್ ಹೋದ ಮೇಲೆ, ದಶಕಗಳು ಕಳೆದಂತೆ, ಆ ಅಂಗಳದ ಮರಳೆಲ್ಲ ಮುಚ್ಚಿಹೋಯಿತು. ಟೀವಿಯಲ್ಲಿ ಹಸಿರಾಗಿ ಕಾಣಬೇಕೆಂಬ ಆಸೆಗೆ ಅಂಚಿನಿಂದ ಅಂಚಿಗೆ ಹುಲ್ಲು ಹಾಸಿದರು. ಫೇರ್‌ವೇ ಕಿರಿದಾಯಿತು, ಎರಡೂ ಬದಿಗೆ ದಟ್ಟ ಹುಲ್ಲು ಬೆಳೆಯಿತು, ನೀರು ಹರಿಯುತ್ತಲೇ ಇತ್ತು. ಕ್ರೆನ್‌ಷಾ ಮತ್ತು ಕೂರ್ ಅವರನ್ನು ಕರೆಸಿದಾಗ ಅವರು 1943ರಲ್ಲಿ ಆಕಾಶದಿಂದ ತೆಗೆದ ಫೋಟೊಗಳನ್ನು ಮುಂದಿಟ್ಟುಕೊಂಡು ಕೂತರು. ನೆಲದಡಿ ಹಳೆಯ ನೀರಿನ ಕೊಳವೆಯ ಸಾಲೊಂದು ಸಿಕ್ಕಿತು. ಅದು ಪ್ರತಿ ಫೇರ್‌ವೇಯ ನಡುಮಧ್ಯದಲ್ಲಿ ಹಾದಿತ್ತು. ಆ ಕೊಳವೆಯ ನೀರು ಎರಡೂ ಬದಿಗೆ ಎಷ್ಟು ದೂರ ಚಿಮ್ಮುತ್ತಿತ್ತೋ ಅಷ್ಟೇ ರಾಸ್ ಕಾಲದ ಹುಲ್ಲಿನ ಅಗಲ. ನಡು ಹಸಿರು, ಅಂಚು ಬರಬರುತ್ತ ಕಂದು, ಆಚೆಗೆ ಬರಿ ಮರಳು. ಅಳತೆಪಟ್ಟಿ ನೆಲದಲ್ಲೇ ಹೂತಿತ್ತು. ಅಗೆದು ನೋಡುವ ತಾಳ್ಮೆ ಬೇಕಿತ್ತು ಅಷ್ಟೇ.

2010 ಮತ್ತು 2011ರಲ್ಲಿ ಅವರು ಸುಮಾರು 35 ಎಕರೆ ಹುಲ್ಲುಹಾಸನ್ನು ಕಿತ್ತು ತೆಗೆದರು. ಅಲ್ಲಿ ಮರಳು, ಒಣಗಿದ ಪೈನ್ ಎಲೆ, ಆ ನೆಲದ್ದೇ ಆದ ಗರಿಕಡ್ಡಿಯಂಥ ಒರಟು ಹುಲ್ಲು ಮರಳಿ ಬಂದವು. 1,100ಕ್ಕೂ ಹೆಚ್ಚಿದ್ದ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್‌ಗಳು 450ರ ಆಸುಪಾಸಿಗೆ ಇಳಿದವು. ನೀರಿನ ಬಳಕೆ ಅರ್ಧಕ್ಕಿಂತ ಕೆಳಗೆ ಬಂತು. 2014ರಲ್ಲಿ ಒಂದೇ ಅಂಗಳದಲ್ಲಿ ಒಂದರ ಬೆನ್ನಿಗೆ ಒಂದರಂತೆ ಎರಡು ವಾರ ಪುರುಷರ ಮತ್ತು ಮಹಿಳೆಯರ ಯು.ಎಸ್. ಓಪನ್ ನಡೆಯಿತು. ಮಾರ್ಟಿನ್ ಕೈಮರ್ ಗೆದ್ದರು, ಮಿಷೆಲ್ ವಿ ಗೆದ್ದರು. ಅಂಗಳ ಕಂದಾಗಿದೆ, ಒಣಗಿದೆ, ನೋಡಲು ಚೆನ್ನಾಗಿಲ್ಲ ಎಂದು ಬಹಳ ಮಂದಿ ಬೈದರು. ಹತ್ತು ವರ್ಷ ಬಿಟ್ಟು ಅಲ್ಲೇ ನಡೆದ 2024ರ ಯು.ಎಸ್. ಓಪನ್‌ನ ಕೊನೆಯ ದಿನ, ಕೊನೆಯ ಹೋಲ್‌ನಲ್ಲಿ, ಬ್ರೈಸನ್ ಡಿಶ್ಯಾಂಬೊ ಅವರ ಚೆಂಡು ಅದೇ ಮರಳಿನ ಅಂಚಿಗೆ ಮರದ ಬೇರಿನ ಹತ್ತಿರ ಹೋಗಿ ನಿಂತಿತು. ಅಲ್ಲಿಂದ ಹೇಗೋ ಎಬ್ಬಿಸಿ ಬಂಕರ್‌ಗೆ, ಬಂಕರ್‌ನಿಂದ 50 ಗಜ ಮೀರಿದ ದೂರವನ್ನು ದಾಟಿಸಿ ಗುಳಿಯ ಪಕ್ಕಕ್ಕೆ, ಅಲ್ಲಿಂದ ಗುಳಿಗೆ. ನೋಡಿದವರು ಉಸಿರು ಹಿಡಿದಿದ್ದರು. ದಟ್ಟ ಹುಲ್ಲಾಗಿದ್ದರೆ ಚೆಂಡನ್ನು ಸುಮ್ಮನೆ ಪಕ್ಕಕ್ಕೆ ತಳ್ಳಿ ಮುಂದೆ ಹೋಗುವುದಷ್ಟೇ ಉಳಿಯುತ್ತಿತ್ತು.

ಹಸಿರೆಲ್ಲ ಆರೋಗ್ಯ, ಕಂದೆಲ್ಲ ರೋಗ ಎಂದು ನಾವೂ ನಂಬಿಬಿಟ್ಟಿದ್ದೇವೆ. ಬಯಲುಸೀಮೆಯ ನೆಲ ಬೇಸಿಗೆಯಲ್ಲಿ ಕಂದಾಗುವುದು, ಮಳೆ ಬಿದ್ದ ವಾರಕ್ಕೆ ಮರಳಿ ಚಿಗುರುವುದು ಅದರ ಸ್ವಭಾವ. ಈ ಮಾತು ಹೇಳುವಾಗ ಮನಸ್ಸು ತಾನಾಗಿ ಬೆಂಗಳೂರಿಗೆ ಬರುತ್ತದೆ.

ಬೆಂಗಳೂರಿಗೆ ಗಾಲ್ಫ್ ಹೊಸತಲ್ಲ. ಹೈಗ್ರೌಂಡ್ಸ್‌ನ ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ದೊಮ್ಮಲೂರಿನ ಆಚೆ ಕರ್ನಾಟಕ ಗಾಲ್ಫ್ ಅಸೋಸಿಯೇಷನ್‌ನ ಕೋರ್ಸ್ ರೂಪಿಸಿದವರೂ ಒಬ್ಬ ದೊಡ್ಡ ಆಟಗಾರರೇ: ಆಸ್ಟ್ರೇಲಿಯಾದ ಪೀಟರ್ ಥಾಮ್ಸನ್. ಐದು ಬಾರಿ ಬ್ರಿಟಿಷ್ ಓಪನ್ ಗೆದ್ದವರು, ಅದರಲ್ಲಿ 1954, 1955, 1956 ಸತತ ಮೂರು. ಭಾರತದ ಮೇಲೆ ಅವರಿಗೆ ಪ್ರೀತಿಯಿತ್ತು. 1964ರಲ್ಲಿ ಇಂಡಿಯನ್ ಓಪನ್ ಶುರುವಾಗಲು ಒತ್ತಾಸೆಯಾಗಿ ನಿಂತು, ಮೊದಲ ಪ್ರಶಸ್ತಿಯನ್ನು ಅವರೇ ಗೆದ್ದರು. ದೆಹಲಿ ಗಾಲ್ಫ್ ಕ್ಲಬ್‌ನ ಅಂಗಳವನ್ನು 1970ರ ದಶಕದಲ್ಲಿ ಮರುರೂಪಿಸಿದವರೂ ಅವರೇ. ಚೆಂಡು ನೆಲದ ಮೇಲೆ ಓಡಬೇಕು, ಆಟಗಾರ ಯೋಚಿಸಬೇಕು ಎನ್ನುವ ಸಂಪ್ರದಾಯದವರು. ಬೆಂಗಳೂರಿನ ಅಂಗಳ ಒಳ್ಳೆಯ ಅಂಗಳ. 2012ರ ಇಂಡಿಯನ್ ಓಪನ್ ಅಲ್ಲೇ ನಡೆಯಿತು. ಆದರೆ ಅದು ನಿಂತಿರುವುದು ಚಲ್ಲಘಟ್ಟ ಕೆರೆಯ ಅಂಗಳದಲ್ಲಿ. ಕೆರೆ ಹೋದದ್ದರ ಹೊಣೆಯನ್ನು ಒಬ್ಬ ವಿನ್ಯಾಸಕನ ಮೇಲೆ ಹೊರಿಸಲಾಗದು. ಆ ಕಾಲದಲ್ಲಿ ಊರಿನ ಕೆರೆಗಳೆಲ್ಲ ಬಸ್ ನಿಲ್ದಾಣ, ಕ್ರೀಡಾಂಗಣ, ಬಡಾವಣೆಗಳಾಗುತ್ತಿದ್ದವು. ಈಗ ಆ ಕೋರ್ಸಿನ ಪಕ್ಕದಲ್ಲೇ ಎದ್ದಿರುವ ಐಟಿ ಕಟ್ಟಡಗಳ ಸಮುಚ್ಚಯ ಗಾಲ್ಫ್ ಲಿಂಕ್ಸ್ ಎಂಬ ಹೆಸರು ಹೊತ್ತಿದೆ. ಅಲ್ಲಿಗೆ ದಿನವೂ ಬಂದುಹೋಗುವವರಲ್ಲಿ ಚಲ್ಲಘಟ್ಟ ಎಂದರೆ ಕೆರೆ ಎಂದು ಬಲ್ಲವರು ಎಷ್ಟು ಮಂದಿಯೋ. ಕಣಿವೆ ಮಾತ್ರ ಹಳೆಯದೇ. ಮಳೆನೀರಿಗೆ ಇಂದಿಗೂ ಆ ಕಣಿವೆಯಲ್ಲೇ ಹಾದು ಬೆಳ್ಳಂದೂರಿನ ಕಡೆಗೆ ಹೋಗಬೇಕು.

ಈಗ ದೇವನಹಳ್ಳಿ, ನಂದಿಬೆಟ್ಟದ ತಪ್ಪಲಿನ ಕಡೆ ಗಾಲ್ಫ್ ಅಂಗಳದ ಸುತ್ತ ವಿಲ್ಲಾ ಕಟ್ಟಿ ಮಾರುವ ಹುರುಪಿದೆ. ವರ್ಷವಿಡೀ ಹರಿಯುವ ನದಿಯಿಲ್ಲದ, ಕೊಳವೆಬಾವಿ ಸಾವಿರ ಅಡಿ ಇಳಿದರೂ ನೀರು ಸಿಗದ ಸೀಮೆ ಅದು. ಅಲ್ಲಿ ಅಂಗಳ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಆಟವನ್ನು ಪ್ರೀತಿಸುವವನು ಹಾಗೆ ಹೇಳಲಾರ. ಕೇಳಿಕೊಳ್ಳುವುದು ಇಷ್ಟು. ಯಾವ ಚಾಂಪಿಯನ್ನನ ಹೆಸರು ಫಲಕದ ಮೇಲೆ ಹಾಕಬೇಕೆಂದು ತೀರ್ಮಾನಿಸುವ ಮುಂಚೆ, ಜೆಸಿಬಿ ತರಿಸುವ ಮುಂಚೆ, ಒಂದು ಮುಂಗಾರು ಪೂರ್ತಿ ಆ ನೆಲದ ಮೇಲೆ ನಡೆಯಿರಿ. ನೀರು ಎಲ್ಲಿಂದ ಇಳಿದು ಯಾವ ಕುಂಟೆಗೆ ಸೇರುತ್ತದೆ, ಕೋಡಿ ಯಾವ ಕಡೆಗೆ ಬೀಳುತ್ತದೆ, ಕುರಿ ಯಾವ ದಾರಿ ಹಿಡಿಯುತ್ತದೆ ಎಂದು ಅಲ್ಲಿನ ಕುರಿಗಾಹಿಯನ್ನೋ ನೀರಗಂಟಿಯನ್ನೋ ಜೊತೆಗೆ ಕರೆದುಕೊಂಡು ನೋಡಿರಿ. ನಿಮ್ಮ ಹದಿನೆಂಟು ಹೋಲ್‌ಗಳು ಅಲ್ಲೇ ಇರಬಹುದು. ಇರದಿದ್ದರೆ, ದಯವಿಟ್ಟು ಅಂಗಳವನ್ನು ಬೇರೆ ಕಡೆ ಹುಡುಕಿರಿ.